ಉಡಿ ತುಂಬಿಸಿಕೊಂಡ ನಾಯಕಿ

ಮೀಸೆ ಅಂಟಿಸಿಕೊಂಡ ಮಾತ್ರಕ್ಕೆ ಪ್ರೀತಿಸಿದವಳ ಗುರುತು ಸಿಗದೆ ಹೋಗುತ್ತದೆಯೇ? ನಾವು ಆಡಲು ಹೊರಟಿದ್ದ ಆ ಹಳೆಯ ಪ್ರಹಸನದ ಬಗ್ಗೆ ನನ್ನ ಆಕ್ಷೇಪ ಇದೊಂದೇ. ನಾಯಕಿ ಗಂಡುವೇಷ ತೊಟ್ಟು ತನ್ನ ಪ್ರಿಯನ ಮನೆಯಲ್ಲೇ ಗುಮಾಸ್ತನಾಗುತ್ತಾಳೆ. ಎರಡು ಅಂಕ ಕಳೆದರೂ ಆ ಪುಣ್ಯಾತ್ಮನಿಗೆ ಗೊತ್ತಾಗುವುದಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ್ದ ನಾನು ತಾಲೀಮಿನಲ್ಲಿ ದಿನವೂ ಇದನ್ನೇ ವಾದಿಸಿದೆ. "ನಿನ್ನ ವಾದ ಪರದೆ ಹಿಂದೆ ಮಾಡಪ್ಪ" ಎಂದು ನಾಟಕದ ಮೇಷ್ಟ್ರು ನನ್ನ ಕೈಗೆ ಪುಸ್ತಕ ಕೊಟ್ಟು, ಮಾತು ಮರೆತವರಿಗೆ ನೆನಪಿಸುವ ಕೆಲಸಕ್ಕೆ ಹಚ್ಚಿದರು.

ನಾಯಕಿಯ ಪಾತ್ರ ಆನೆಕೊಂಡದ ನನ್ನ ಗೆಳೆಯನದು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸ. ಯಂತ್ರಕ್ಕೆ ಸಿಕ್ಕಿ ಎಡಗೈ ಕಿರುಬೆರಳು ಸೊಟ್ಟಗಾಗಿತ್ತು. ಅವನ ನಟನೆಗೆ ಮಾತ್ರ ನನ್ನಲ್ಲಿ ಆಕ್ಷೇಪವಿರಲಿಲ್ಲ. ಗಂಡುವೇಷದ ದೃಶ್ಯದಲ್ಲಿ, ಕೋಟು ತೊಟ್ಟು ನಿಂತಾಗಲೂ ಅವನ ಕೈ, ಇಲ್ಲದ ಸೆರಗನ್ನು ಹುಡುಕಿ ಹೆಗಲಿಗೆ ಹೋಗಿ, ನಾಚಿ ಹಿಂದೆ ಬರುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ.

ಈ ಕಲೆಯೇ ಅವನ ಮದುವೆಗೆ ಅಡ್ಡ ಬಂದಿತ್ತು. ಹರಿಹರದಲ್ಲಿ ಹುಡುಗಿ ನೋಡಿ ಬಂದಿದ್ದ, ಇಬ್ಬರಿಗೂ ಒಪ್ಪಿಗೆ. ಹುಡುಗಿಯ ತಾಯಿ ಮಾತ್ರ, "ಸೀರೆ ಉಡೋನಿಗೆ ಹೆಣ್ಣು ಕೊಡಾದು ಹೆಂಗ್ರಿ?" ಎಂದು ಹೇಳಿ ಕಳಿಸಿದ್ದರು. ಆ ಮನೆಯಲ್ಲಿ ಅವರ ಮಾತೇ ಕೊನೆ.

ನಮ್ಮ ನಾಟಕ ಹರಿಹರಕ್ಕೆ ಹೋದದ್ದು ಒಂದು ಭಾನುವಾರ ಮಧ್ಯಾಹ್ನ, ಹೆಂಗಸರಿಗೆಂದೇ ಇಟ್ಟ ಆಟಕ್ಕೆ. ಕರಪತ್ರದಲ್ಲಿ ಗೆಳೆಯನಿಗೆ "ಕುಮಾರಿ" ಎಂದು ಸುಳ್ಳು ಹೆಸರೊಂದನ್ನು ಅಚ್ಚು ಹಾಕಿಸಿದ್ದೆವು; ಆಗಿನ ರೂಢಿ ಅದು. ಮೊದಲ ಅಂಕದಲ್ಲಿ ತಾಯಿಯಿಲ್ಲದ ನಾಯಕಿ ಅತ್ತಳು, ಸಭೆಯೂ ಅತ್ತಿತು. ಮೆಚ್ಚಿದ ನಟಿಗೆ ಹೆಂಗಸರು ಉಡಿ ತುಂಬುವುದಿತ್ತು. ಪರದೆ ಬಿದ್ದದ್ದೇ ಒಬ್ಬರು ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಿಡಿದು ಒಳಗೆ ಬಂದರು, ಹಿಂದೆ ಮಗಳು. ಗೆಳೆಯ ನನ್ನ ತೋಳು ಹಿಡಿದು, "ಅವರೇ ಕಣೋ" ಎಂದು ಪಿಸುಗುಟ್ಟಿದ.

"ಸೆರಗು ಒಡ್ಡವ್ವ. ಹೆತ್ತಾಕಿ ಇಲ್ಲಂದ್ರ ಏನಾತು, ನಾನಿಲ್ವಾ" ಎಂದರು ತಾಯಿ.

ಅವನು ಎರಡೂ ಕೈಯಲ್ಲಿ ಸೆರಗು ಒಡ್ಡಿದ, ಅವರು ಉಡಿ ತುಂಬಿದರು. ಹುಡುಗಿ ಸೊಟ್ಟ ಬೆರಳು ನೋಡಿ ಗೋಡೆಯ ಕಡೆ ತಿರುಗಿದಳು. ಅವಳ ಭುಜ ನಗುವಿನಿಂದ ಅಲುಗುತ್ತಿತ್ತು.

ಸುಮ್ಮನಿದ್ದರೆ ಬಚಾವು. ನಾನು ಸನ್ನೆ ಕೂಡ ಮಾಡಿದೆ. ಅವನು ತನ್ನ ಗಂಡು ದನಿಯಲ್ಲೇ, "ಅವ್ವಾರೆ, ನಾನ್ರಿ. ಆವತ್ತು ಬಂದಿದ್ದ ದಾವಣಗೆರೆ ಹುಡುಗ" ಎಂದ.

ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಂಗೆ ತಿಳೀತಿರಲಿಲ್ಲ. ಯಾಕ ಹೇಳ್ದೆ?"

"ಮಗಳನ್ನ ಕೇಳಾಕೆ ಬಂದೋನು, ಸುಳ್ಳು ಉಡಿ ತಗಳ್ಳಾದು ಹೆಂಗ್ರಿ?" ಎಂದು ಅವನು ಸೆರಗಿನ ಗಂಟು ಮುಂದೆ ಹಿಡಿದ.

"ಬ್ಯಾಡ. ತುಂಬಿದ ಉಡಿ ವಾಪಸ್ ತಗಳ್ಳಂಗಿಲ್ಲ." ಮಗಳ ಕಡೆ ತಿರುಗಿದರು. "ನಿಂಗ ಗೊತ್ತಾಗಿತ್ತೇನೆ?"

"ಬೆರಳು ನೋಡ್ದೆ ಕಣವ್ವ. ಅವತ್ತು ಕಪ್-ಬಸಿ ಹಿಡಿದು ಚಾ ಕುಡಿದ್ರಲ್ಲ."

ತಾಯಿ ನಿಟ್ಟುಸಿರಿಟ್ಟರು. "ಆಟ ಮುಗಿಸಿ ಮನಿಗೆ ಬಾ. ಪ್ಯಾಂಟ್ ಹಾಕ್ಕಂಡು ಬಾ."

ಪ್ರೀತಿಸಿದವರು ಗುರುತು ಹಿಡಿಯುತ್ತಾರೆ ಎಂಬ ನನ್ನ ವಾದಕ್ಕೆ ಕಣ್ಣೆದುರೇ ಸಾಕ್ಷಿ ಸಿಕ್ಕಿತ್ತು. ಆದರೆ ಗುರುತು ಸಿಗದೆ ಉಡಿ ತುಂಬಿದ ಆ ತಾಯಿಯನ್ನು ಕಂಡ ಮೇಲೆ, ಪ್ರಹಸನದ ಪ್ರಿಯನನ್ನು ಮೂರ್ಖನೆನ್ನಲು ನನಗೆ ಬಾಯಿ ಬರಲಿಲ್ಲ. ಎರಡನೆಯ ಅಂಕದಲ್ಲಿ ಗೆಳೆಯ ಕೋಟು, ಮೀಸೆಯಲ್ಲಿ ಬಂದ. ಕೈ ತಾನಾಗಿ ಹೆಗಲಿಗೆ ಹೋಯಿತು.

"ಸೆರಗಿಲ್ಲ, ಕೈ ಇಳಿಸಪ್ಪ" ಎಂದು ಮೊದಲ ಸಾಲಿನಿಂದ ಅವನ ಭಾವಿ ಅತ್ತೆಯ ದನಿ ಕೇಳಿತು.