ಸುಣ್ಣದ ಲಿಯೊಕಾಡಿಯಾ

ನಮ್ಮ ಬೀದಿಯಲ್ಲಿ ಲಿಯೊಕಾಡಿಯಾಳ ಬಾಗಿಲ ಮುಂದೆ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದವರು ಯಾರೂ ಎರಡನೇ ಸಲ ಉಗಿದಿಲ್ಲ. ಮೇಯರೇ ಆಗಲಿ, ಪಾದ್ರಿಯೇ ಆಗಲಿ, ಒಳಗಿಂದ ಪೊರಕೆ ತಂದು ಕೈಗೆ ಕೊಡುತ್ತಾಳೆ. ಗುಡಿಸಿ ಮುಗಿಸುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ.

ನಾನು ಎದುರು ಮನೆಯ ವಿಸಿತಾಸಿಯೋನ್, ಊರವರ ಬಾಯಲ್ಲಿ ವಿಸಿ. ನಲವತ್ತೊಂದು ವರ್ಷ ಬ್ರೆಡ್ ಸುಟ್ಟು, ಈಗ ಬೇಕರಿಯನ್ನು ತಂಗಿಯ ಮಗಳಿಗೆ ಬಿಟ್ಟು, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಕಿಟಕಿಯಿಂದ ಕಾಣುವುದು ಲಿಯೊಕಾಡಿಯಾಳ ಮನೆಯೊಂದೇ. ಹಾಗಾಗಿ ಅವಳ ಬಗ್ಗೆ ನನಗೆ ಗೊತ್ತಿರುವಷ್ಟು ಅವಳ ಗಂಡನಿಗೂ ಗೊತ್ತಿಲ್ಲ. ಗಂಡ ಯುತಿಮಿಯೊ ಕುರಿ ಕಾಯುತ್ತಿದ್ದವನು, ಒಳ್ಳೆಯವನು. ಮದುವೆಯಾದ ಮೇಲೆ ಅವನ ಮುಖ್ಯ ಕೆಲಸ ಏಣಿ ಹಿಡಿದುಕೊಳ್ಳುವುದು.

ಯಾಕೆಂದರೆ ಲಿಯೊಕಾಡಿಯಾಳ ಜೀವನ ಇರುವುದು ಸುಣ್ಣದಲ್ಲಿ. ಪ್ರತಿ ವರ್ಷ ಈಸ್ಟರಿಗೆ ಮುಂಚಿನ ವಾರದಲ್ಲಿ ಮನೆಯ ಮುಂಭಾಗಕ್ಕೆ ಸುಣ್ಣ ಆಗಲೇಬೇಕು. ಊರಿನ ಉಳಿದ ಹೆಂಗಸರು ಅಂಗಡಿಯಿಂದ ಡಬ್ಬಿ ಬಣ್ಣ ತಂದು ಸುಮ್ಮನಾದರು. ಇವಳು ಮಾತ್ರ ಇನ್ನೂ ಸುಣ್ಣದ ಕಲ್ಲು ತಂದು, ಹರವಿಯಲ್ಲಿ ನೀರು ಹಾಕಿ ಕೊತಕೊತ ಕುದಿಸಿ, ಗಂಡನ ಹಳೆ ಅಂಗಿ ತೊಟ್ಟು, ಕೋಲಿಗೆ ಕುಂಚ ಕಟ್ಟಿ ತಾನೇ ಬಳಿಯುತ್ತಾಳೆ. ಅರವತ್ತೆಂಟು ವರ್ಷ. ಮಧ್ಯಾಹ್ನದ ಬಿಸಿಲಲ್ಲಿ ಅವಳ ಗೋಡೆ ನೋಡಿದರೆ ನನಗೆ ತಲೆನೋವು ಬರುತ್ತದೆ. ಇದನ್ನು ಅವಳಿಗೆ ಹೇಳಿದ್ದೇನೆ, ಅವಳು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡಳು.

ಮನೆಯ ಮೇಲಿನ ಆರು ಕೋಣೆಗಳನ್ನು ಅವಳು ಅತಿಥಿಗಳಿಗೆ ಕೊಡುತ್ತಾಳೆ. ಏಪ್ರಿಲ್ ಬಂತೆಂದರೆ ಎರಡು ವಾರ ಆ ಕೋಣೆಗಳು ಇಂಗ್ಲಿಷರವು. ಹತ್ತು ಹನ್ನೊಂದು ಜನ, ಎಲ್ಲರೂ ಕೆಸರಿನ ಬಣ್ಣದ ಬಟ್ಟೆ ತೊಟ್ಟು, ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು, ಸ್ಪೇನಿಗೆ ಹಾರಿ ಬಂದು, ತ್ರುಹಿಯೊ ಪಟ್ಟಣದ ಕಡೆಯಿಂದ ಸಣ್ಣ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಬೆಳಕು ಹರಿಯುವ ಮುಂಚೆ ಬಯಲಿಗೆ ಹೋಗಿ, ಹೆಣ್ಣನ್ನು ಮೆಚ್ಚಿಸಲು ಮೈ ಉಬ್ಬಿಸಿ ನಿಲ್ಲುವ ದೊಡ್ಡ ಹಕ್ಕಿಗಳನ್ನು ನೋಡಿಕೊಂಡು ಬರುತ್ತಾರೆ. ನಮ್ಮೂರ ಗಂಡಸರೂ ಭಾನುವಾರ ಚೌಕದಲ್ಲಿ ಹಾಗೇ ನಿಲ್ಲುತ್ತಾರೆ, ಅವರನ್ನು ನೋಡಲು ಯಾರೂ ಬಸ್ಸು ಮಾಡಿಕೊಂಡು ಬರುವುದಿಲ್ಲ.

ಅವರ ನಾಯಕ ಕ್ಲೈವ್. ಮೇಷ್ಟ್ರಾಗಿದ್ದವನು, ಉದ್ದ ಮನುಷ್ಯ, ಬಾಗಿಲು ಕಂಡರೆ ತಾನಾಗಿ ಬಗ್ಗುತ್ತಾನೆ. ರಾತ್ರಿಯೂಟಕ್ಕೆ ಮೊದಲು ಅವನು ಪಟ್ಟಿ ತೆಗೆದು ಹಕ್ಕಿಗಳ ಹೆಸರನ್ನು ಒಂದೊಂದಾಗಿ ಓದುತ್ತಾನೆ. ಕಂಡವರು ಚರ್ಚಿನಲ್ಲಿ ಪಾದ್ರಿಗೆ ಉತ್ತರ ಕೊಡುವ ಹಾಗೆ ತಲೆ ತಗ್ಗಿಸಿ ಹೂಂ ಅನ್ನುತ್ತಾರೆ. ಸೂಪು ಆರುತ್ತದೆ. ಲಿಯೊಕಾಡಿಯಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, "ಆಯ್ತಾ? ಮುಗಿದ್ವಾ ನಿಮ್ಮ ಹಕ್ಕಿಗಳು?" ಎನ್ನುತ್ತಾಳೆ. ಅವಳ ಮಟ್ಟಿಗೆ ಬಾಣಲೆಗೆ ಬಾರದ ಹಕ್ಕಿ ಹಕ್ಕಿಯೇ ಅಲ್ಲ. ಆದರೂ ಕ್ಲೈವ್ ಎಂದರೆ ಅವಳಿಗೆ ಅಪಾರ ಗೌರವ. ಹತ್ತೊಂಬತ್ತು ವರ್ಷದಲ್ಲಿ ಅವನು ತಟ್ಟೆಯಲ್ಲಿ ಒಂದು ಕಡಲೆಕಾಳನ್ನೂ ಬಿಟ್ಟಿಲ್ಲ, ಕಾಲೊರೆಸದೆ ಒಳಗೆ ಬಂದಿಲ್ಲ.

ಅವಳನ್ನು ಕೊರೆಯುತ್ತಿದ್ದುದು ಒಂದೇ ವಿಷಯ. ಬಸ್ಸಿನಿಂದ ಇಳಿದೊಡನೆ, ಚೀಲಗಳನ್ನೂ ಎತ್ತದೆ, ಎಲ್ಲರೂ ಬೀದಿಯ ನಡುವೆ ನಿಂತು ಅವಳ ಸೂರಿನತ್ತ ಕತ್ತೆತ್ತುತ್ತಿದ್ದರು. ಕ್ಲೈವ್ ಒಂದು ಹಸಿರು ಪುಸ್ತಕ ತೆಗೆದು ಏನೋ ಬರೆದುಕೊಳ್ಳುತ್ತಿದ್ದ. ಸೂರಿನ ಕೆಳಗೆ ಅಂಬರಗುಬ್ಬಿಗಳ ಮಣ್ಣಿನ ಗೂಡುಗಳು ಸಾಲಾಗಿದ್ದವು, ಗೋಡೆಯ ಮೇಲೆ ಅವುಗಳ ಹಿಕ್ಕೆ ಇಳಿದ ಗೆರೆಗಳು. ಮನೆಯ ಉದ್ದ ಏಣಿ ಮುರಿದ ಮೇಲೆ ಗೂಡಿನವರೆಗೆ ಎಟುಕದೆ ಸುಣ್ಣ ಅಲ್ಲಿಗೇ ನಿಲ್ಲುತ್ತಿತ್ತು.

"ನನ್ನ ಗೋಡೆ ಕೊಳೇನ ಪುಸ್ತಕದಲ್ಲಿ ಬರ್ಕೋತಾನೆ ಕಣೇ ವಿಸಿ," ಎನ್ನುತ್ತಿದ್ದಳು ಪ್ರತಿ ವರ್ಷ, ಪರದೆಯ ಹಿಂದೆ ಮುಖ ಕೆಂಪಗೆ ಮಾಡಿಕೊಂಡು.

"ಕೇಳಿಬಿಡು ಕಣೇ, ಏನು ಬರೀತೀಯಾ ಅಂತ."

"ನಾನಾ? ಸತ್ರೂ ಕೇಳಲ್ಲ."

ಅವಳನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಾನೂ ಅದನ್ನೇ ನಂಬಿದ್ದೆ. ಚೊಕ್ಕ ಗೋಡೆಯೇ ಮಾನ ಎಂದು ಬೆಳೆದವರಿಗೆ ಬೇರೇನು ಹೊಳೆಯಬೇಕು?

ಈ ವರ್ಷ ಜನವರಿಯಲ್ಲಿ ಕ್ಲೈವನ ಕಾಗದ ಬಂತು. ಎಪ್ಪತ್ತನಾಲ್ಕಾಯಿತು, ಮಂಡಿ ಹೋಗಿದೆ, ಇದು ಇಪ್ಪತ್ತನೆಯ ಸಲ ಮತ್ತು ಕೊನೆಯದು ಎಂದು ಬರೆದಿದ್ದ. ಲಿಯೊಕಾಡಿಯಾ ಕಾಗದ ಮಡಿಸಿಟ್ಟು, "ಕೊನೇ ಸಲಾನಾದ್ರೂ ನನ್ನ ಮನೇನ ಸರಿಯಾಗಿ ನೋಡ್ಕೊಂಡು ಹೋಗ್ಲಿ," ಎಂದಳು. ಈಸ್ಟರಿಗೆ ಮುಂಚೆ ಚರ್ಚಿನಿಂದ ಉದ್ದನೆಯ ಏಣಿ ತರಿಸಿ, ಕಳೆ ಕೀಳುವ ಗುದ್ದಲಿ ಹಿಡಿದು ಹತ್ತಿದಳು. ಆಫ್ರಿಕಾದಿಂದ ಆಗಷ್ಟೇ ಮರಳಿದ್ದ ಹಕ್ಕಿಗಳು ಅವಳ ತಲೆಯ ಸುತ್ತ ಚಿರ್ರೆನ್ನುತ್ತ ಸುತ್ತಿದವು.

ಕೆಳಗಿನಿಂದ ಯುತಿಮಿಯೊ, "ಪಾಪ ಬರುತ್ತೆ ಕಣೇ," ಎಂದ.

"ಬರಲ್ಲ. ಶಿಲುಬೆ ಮೇಲಿದ್ದ ಏಸುವಿನ ಹಣೆಯಿಂದ ಮುಳ್ಳು ಕಿತ್ತಿದ್ದು ಉದ್ದ ಬಾಲದ ಅಂಬರಗುಬ್ಬಿ. ಅದನ್ನ ನಾನು ಮುಟ್ಟಿಲ್ಲ, ಕೊಟ್ಟಿಗೇಲಿ ಹಾಯಾಗಿದೆ. ಇದು ಬಿಳಿ ಸೊಂಟದ್ದು. ಇದು ಯಾವ ಮುಳ್ಳನ್ನೂ ಕಿತ್ತಿಲ್ಲ."

ಯುತಿಮಿಯೊ ಸುಮ್ಮನೆ ಏಣಿ ಹಿಡಿದುಕೊಂಡ. ನಾನು ಕಿಟಕಿಯಿಂದ, "ಎಡಗಡೆ ಮೂಲೇಲಿ ಇನ್ನೊಂದಿದೆ," ಎಂದು ಕೂಗಿದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ. ಸಂಜೆಯ ಹೊತ್ತಿಗೆ ಗೋಡೆ ನೆಲದಿಂದ ಸೂರಿನವರೆಗೆ ಹಾಲಿನ ಹಾಗಿತ್ತು.

ಬಸ್ಸು ಬಂತು. ಇಳಿದರು, ಕತ್ತೆತ್ತಿದರು. ಲಿಯೊಕಾಡಿಯಾ ಹೊಸ ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಹೊಗಳಿಕೆಗೆ ಕಾಯುತ್ತಿದ್ದಳು.

"ಸೆನ್ಯೋರಾ, ಗೂಡುಗಳು?" ಎಂದ ಕ್ಲೈವ್. ಇಪ್ಪತ್ತು ವರ್ಷವಾದರೂ ಅವನ ಸ್ಪ್ಯಾನಿಷ್ ಕುಂಟುತ್ತದೆ, ಆದರೆ ಅರ್ಥವಾಗುತ್ತದೆ.

"ತೆಗೆದೆ. ಒಂದೂ ಬಿಟ್ಟಿಲ್ಲ. ನಿನಗೋಸ್ಕರ."

ವಿನಿಫ್ರೆಡ್ ಎಂಬ ಹೆಂಗಸು, ಪ್ರತಿ ವರ್ಷ ಬರುವವಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾನೂನು ಗೀನೂನು ಎಂದು ಏನೋ ಶುರುಮಾಡಿದಳು. ಕ್ಲೈವ್ ಅವಳನ್ನು ಕಣ್ಣಲ್ಲೇ ಸುಮ್ಮನಾಗಿಸಿ, ಹಸಿರು ಪುಸ್ತಕ ತೆರೆದು ಲಿಯೊಕಾಡಿಯಾಳ ಮುಂದೆ ಹಿಡಿದ. ನಾನೂ ರಸ್ತೆ ದಾಟಿ ಹೋಗಿ ಇಣುಕಿದೆ. ಮೇಲೆ ಅವಳ ಮನೆಯ ಹೆಸರು, ಕೆಳಗೆ ಹತ್ತೊಂಬತ್ತು ಸಾಲು. ಹನ್ನೊಂದು ಗೂಡು, ಹದಿನಾಲ್ಕು, ಹದಿನೆಂಟು. ಹೋದ ವರ್ಷ ಮೂವತ್ತೊಂದು.

"ನಮ್ಮ ಕಡೆ ಇವು ಕಡಿಮೆ ಆಗ್ತಿವೆ," ಎಂದ ಅವನು ಮೆಲ್ಲಗೆ. "ನಿಮ್ಮನೇಲಿ ಮಾತ್ರ ಹೆಚ್ಚಾಗ್ತಿದ್ವು. ನಮ್ಮೂರಲ್ಲಿ ಎಲ್ಲರಿಗೂ ನಿಮ್ಮ ಮನೆ ವಿಷಯ ಹೇಳ್ತಿದ್ದೆ. ಇಪ್ಪತ್ತು ಸಾಲು ತುಂಬಿಸಿ ನಿಲ್ಲಿಸೋಣ ಅಂತಿದ್ದೆ."

ಲಿಯೊಕಾಡಿಯಾಳ ಮುಖ ಅವಳ ಗೋಡೆಯಂತೆಯೇ ಆಯಿತು. ಇಪ್ಪತ್ತನೆಯ ಸಾಲಿನಲ್ಲಿ ಕ್ಲೈವ್ ಅಂದು ಏನೂ ಬರೆಯಲಿಲ್ಲ. "ಹೋಗೋ ದಿನ ಬರೀತೀನಿ," ಎಂದು ಪುಸ್ತಕ ಮುಚ್ಚಿದ. ಅದು ಅವನ ದೊಡ್ಡತನ, ಹದಿನಾಲ್ಕು ದಿನದ ಅವಕಾಶ ಕೊಟ್ಟ. ಅಂದು ಊಟ ಬಡಿಸಿದ್ದು ಯುತಿಮಿಯೊ. ಅರ್ಧ ಸೂಪನ್ನು ಮೇಜಿಗೆ, ಅರ್ಧವನ್ನು ವಿನಿಫ್ರೆಡಳ ತೊಡೆಗೆ.

ಮರುದಿನ ಬೆಳಿಗ್ಗೆ ಲಿಯೊಕಾಡಿಯಾ ನೆಟ್ಟಗೆ ನನ್ನ ಮನೆಗೆ ಬಂದಳು.

"ನೋಡೇ ವಿಸಿ, ಅವಕ್ಕೆ ಏನು ಬೇಕಂತೆ ಗೊತ್ತಾ? ಕೆಸರು. ಮಾರ್ಚಿಂದ ಮಳೆ ಇಲ್ಲ, ಎಲ್ಲೂ ಕೆಸರಿಲ್ಲ. ಕ್ಲೈವ್ ಹೇಳ್ದ."

"ಹಾಗಾದ್ರೆ?"

"ಹಾಗಾದ್ರೆ ಏನು? ಮಾಡೋದು."

ಮುಂದೆ ನಡೆದದ್ದನ್ನು ನೋಡಲು ಅರ್ಧ ಊರು ನೆರೆಯಿತು. ಸಿಪ್ಪೆ ಉಗಿದರೆ ಪೊರಕೆ ಹಿಡಿಸುವ ಹೆಂಗಸು ತನ್ನ ಬಾಗಿಲ ಮುಂದೆ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದಳು. ಯುತಿಮಿಯೊ ಕುರಿಗಳು ನೀರು ಕುಡಿಯುವ ಹೊಂಡದ ದಂಡೆಯಿಂದ ತಳ್ಳುಗಾಡಿಯಲ್ಲಿ ಜೇಡಿಮಣ್ಣು ತಂದು ಸುರಿದ. ಇಂಗ್ಲಿಷರು ಪ್ಯಾಂಟು ಮಡಚಿಕೊಂಡು ತುಳಿದರು. ಬಯಲಿನ ದೊಡ್ಡ ಹಕ್ಕಿಗಳನ್ನು ಅಂದು ಕೇಳುವವರಿರಲಿಲ್ಲ.

ಮಾಂಸದಂಗಡಿಯವನು ನಿಂತು, "ಲಿಯೊಕಾಡಿಯಾ, ನಿನ್ನ ಮನೆ ಮುಂದೆ ಕೆಸರಾ? ಮೈ ಹುಷಾರಾಗಿದೀಯಾ?" ಎಂದ.

"ಹುಷಾರಾಗಿದೀನಿ. ನೀನು ತುಳೀಬೇಡ, ನಿನಗಲ್ಲ ಅದು."

ನಾಲ್ಕನೆಯ ದಿನ ಹಕ್ಕಿಗಳು ಕೆಸರಿಗಿಳಿದವು. ಬಾಯಿ ತುಂಬ ಮಣ್ಣು ತುಂಬಿಕೊಂಡು ಲಿಯೊಕಾಡಿಯಾಳ ಸೂರಿಗೆ ಹಾರಿದವು. ಮೆತ್ತಿದ್ದೆಲ್ಲ ಹೊಸ ಸುಣ್ಣದ ಹುಡಿಯ ಸಮೇತ ಕಳಚಿ ಬಿತ್ತು. ಅರ್ಧ ದಿನ ನೋಡಿ, ಅವು ತಿರುಗಿ ರಸ್ತೆ ದಾಟಿ ನನ್ನ ಸೂರಿಗೆ ಬಂದವು. ನಾನು ಆರು ವರ್ಷದಿಂದ ಗೋಡೆಗೆ ಕುಂಚ ಮುಟ್ಟಿಸಿಲ್ಲ. ಮಣ್ಣು ಚೆನ್ನಾಗಿ ಹಿಡಿಯಿತು.

"ಮಣ್ಣು ನನ್ನದು, ನೀರು ನನ್ನದು, ಗೂಡು ನಿನ್ನದಾ?" ಎಂದು ಬೀದಿಯಲ್ಲಿ ನಿಂತು ಕೇಳಿದಳು.

"ಹಕ್ಕೀನ ಕೇಳು. ಸೋಮಾರಿಗಳ ಮನೆ ಅದಕ್ಕೆ ಹಿತವಾಗಿರಬೇಕು."

ಹಾಗೆ ಹೇಳಬಾರದಿತ್ತು. ನಲವತ್ತು ವರ್ಷ ಅವಳ ಬಿಳಿ ಗೋಡೆಯ ಎದುರು ಕೂತು ನನ್ನ ಹೊಟ್ಟೆಯಲ್ಲಿ ಹುಳಿ ಸೇರಿತ್ತು, ಅಂದು ಹೊರಬಂತು. ಎರಡು ದಿನ ಅವಳು ನನ್ನ ಕಡೆ ನೋಡಲಿಲ್ಲ.

ಮೂರನೆಯ ದಿನ ಮತ್ತೆ ಚರ್ಚಿನ ಏಣಿ ಬಂತು. ಲಿಯೊಕಾಡಿಯಾ ಹತ್ತಿ, ಸೂರಿನ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ, ಗೇಣಗಲ, ಸುಣ್ಣ ಕೆರೆಯತೊಡಗಿದಳು. ಈ ವರ್ಷದ ಪದರ ಮಾತ್ರವಲ್ಲ. ಮದುವೆಯಾಗಿ ಬಂದ ವರ್ಷದಿಂದ ಬಳಿದದ್ದೆಲ್ಲ ಚಕ್ಕೆ ಚಕ್ಕೆಯಾಗಿ ಕೆಳಗೆ ಬಿತ್ತು, ಹಿಂದಿನ ಕಂದು ಮಣ್ಣು ಕಾಣುವವರೆಗೆ ಬಿಡಲಿಲ್ಲ. ಏಣಿಯನ್ನು ಒಂದು ಕಡೆ ಯುತಿಮಿಯೊ, ಇನ್ನೊಂದು ಕಡೆ ಕ್ಲೈವ್ ಹಿಡಿದಿದ್ದರು, ಕ್ಲೈವನ ತಲೆಯ ಮೇಲೆಲ್ಲ ಸುಣ್ಣ. ಮುಗಿದಾಗ ಆ ಮನೆ ಕೊರಳಪಟ್ಟಿ ಕೊಳೆಯಾದ ಬಿಳಿ ಅಂಗಿಯಂತೆ ಕಾಣುತ್ತಿತ್ತು. ಅವಳು ಇಳಿದು ಗೋಡೆಯ ಕಡೆ ನೋಡಲೇ ಇಲ್ಲ. ನಾನು ಹೋಗಿ ಅವಳ ಕೂದಲಿನ ಹುಡಿ ಕೊಡವಿದೆ. ಸುಮ್ಮನೆ ಕೊಡವಿಸಿಕೊಂಡಳು.

ಹೊರಡುವ ದಿನ ಬಂತು. ಹಕ್ಕಿಗಳು ಆ ಕಂದು ಪಟ್ಟಿಗೆ ಬಂದು ಅಂಟಿಕೊಂಡು ನೋಡಿ ಹೋಗುತ್ತಿದ್ದವು, ಒಂದು ಮುಕ್ಕು ಮಣ್ಣನ್ನೂ ಇಟ್ಟಿರಲಿಲ್ಲ. ಎಲ್ಲರೂ ಬೀದಿಯಲ್ಲಿ ನಿಂತರು. ಕ್ಲೈವ್ ಪುಸ್ತಕ ತೆರೆದ.

ವಿನಿಫ್ರೆಡ್ ನನ್ನ ಸೂರು ತೋರಿಸಿ, "ಅಲ್ಲಿ ನಾಲ್ಕಿದೆಯಲ್ಲ, ಅದನ್ನೇ ಬರೀಬಾರದಾ?" ಎಂದಳಂತೆ.

"ಅದು ವಿಸಿ ಮನೆ," ಎಂದು ಕ್ಲೈವ್ ಇಪ್ಪತ್ತನೆಯ ಸಾಲಿನಲ್ಲಿ ಸೊನ್ನೆ ಬರೆದ. ಸೊನ್ನೆ ದುಂಡಗಿತ್ತು.

ನನಗೆ ರೇಗಿತು. ಹೆಂಗಸು ಮನೆಯ ಚರ್ಮವನ್ನೇ ಸುಲಿದು ಕೊಟ್ಟಿದ್ದಾಳೆ, ಒಂದು ಅಂಕೆ ಬರೆದರೆ ಏನು ಗಂಟು ಹೋಗುತ್ತಿತ್ತು? ಆದರೆ ಲಿಯೊಕಾಡಿಯಾ, "ಸರಿಯಾಗೇ ಬರ್ದಿದಾನೆ," ಎಂದಳು. "ಸುಳ್ಳು ಬರ್ದಿದ್ರೆ ನಾನೇ ಅಳಿಸ್ತಿದ್ದೆ." ಎಲ್ಲರ ಕೆನ್ನೆಗೂ ಮುತ್ತು ಕೊಟ್ಟು, ದಾರಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಕಳಿಸಿದಳು. ಬಸ್ಸು ತಿರುವು ದಾಟಿದ ಮೇಲೆ ಅಡುಗೆಮನೆಗೆ ಹೋಗಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ.

ಮೇ ಮೂರನೆಯ ವಾರ, ಮಧ್ಯಾಹ್ನ ಊರೆಲ್ಲ ಮಲಗಿರುವಾಗ, ನನ್ನ ಬಾಗಿಲು ಬಡಿದಳು. ಕಾಲಲ್ಲಿ ಒಂದೇ ಚಪ್ಪಲಿ. "ಕ್ಲೈವನ ನಂಬರು ಒತ್ತು, ನನ್ನ ಕನ್ನಡಕ ಸಿಕ್ತಿಲ್ಲ." ಒತ್ತಿದೆ.

"ಕ್ಲೈವ್, ಒಂದು," ಎಂದಳು, ನಮಸ್ಕಾರವಿಲ್ಲ, ಕ್ಷೇಮವಿಲ್ಲ. "ಬಾಗಿಲ ಮೇಲೆ, ಪಟ್ಟೀಲಿ."

ಆ ಕಡೆ ಕ್ಲೈವ್ ಪುಟ ತಿರುವಿದ ಸದ್ದು. ಆಮೇಲೆ, "ಪೂರ್ತಿ ಮುಚ್ಚಿದೆಯಾ, ಸೆನ್ಯೋರಾ? ಬಾಯಿ ಮಾತ್ರ ಬಿಟ್ಟಿದೆಯಾ?"

ಅವಳು ಫೋನನ್ನು ನನ್ನ ಕೈಗೆ ತುರುಕಿ ಬಿಸಿಲಿಗೆ ಓಡಿದಳು. ಕತ್ತೆತ್ತಿ ನೋಡಿ ಮರಳಿ ಬಂದು ಫೋನು ಕಿತ್ತುಕೊಂಡು, "ಎರಡು ಬೆರಳಗಲ ಬಾಕಿ ಇದೆ," ಎಂದಳು.

"ಹಾಗಾದ್ರೆ ಇನ್ನೂ ಲೆಕ್ಕಕ್ಕೆ ಬರಲ್ಲ."

ನಾನು ಫೋನು ಕಸಿದು ಅವನಿಗೆ ನಾಲ್ಕು ಮಾತು ಅನ್ನಬೇಕೆಂದಿದ್ದೆ. ಅವಳು ಕೊಡಲಿಲ್ಲ. ಎರಡು ದಿನ ಬಾಗಿಲ ಎದುರು ಕುರ್ಚಿ ಹಾಕಿಕೊಂಡು ಕೂತಳು. ಹಕ್ಕಿ ಅವಳ ಗೋಡೆಯ ಮೇಲೆ ಉದ್ದಕ್ಕೆ ಗೆರೆ ಇಳಿಸಿತು, ಯುತಿಮಿಯೊ ಒದ್ದೆ ಬಟ್ಟೆ ತಂದರೆ ಅವನನ್ನೇ ಒಳಗಟ್ಟಿದಳು. ಮೂರನೆಯ ಮಧ್ಯಾಹ್ನ ಮತ್ತೆ ಫೋನು.

"ಮುಗೀತು."

"ಸೊನ್ನೆ ಹಾಗೇ ಇರುತ್ತೆ," ಎಂದ ಕ್ಲೈವ್. "ಅದು ಏಪ್ರಿಲ್‌ದು. ಕೆಳಗೆ ಹೊಸ ಸಾಲು ಹಾಕ್ತೀನಿ. ಒಂದು ಗೂಡು. ಆದ್ರೆ ಇದನ್ನ ನಾನು ಎಣಿಸಿದ್ದಲ್ಲ. ಎಣಿಸಿದವರ ಹೆಸರು ಬರೀಬೇಕು. ಯಾರದು ಬರೀಲಿ?"

ಅವಳು ನನ್ನ ಮುಖ ನೋಡಿದಳು. ಏಪ್ರನ್ ಕೊಡವಿಕೊಂಡು ನೆಟ್ಟಗೆ ನಿಂತಳು. ಮದುವೆಯ ದಿನ ಪಾದ್ರಿಯ ಮುಂದೆ ಹೇಳಿದ ಮೇಲೆ ಬಹುಶಃ ಎಲ್ಲೂ ಪೂರ್ತಿ ಹೇಳಿರದ ಹೆಸರನ್ನು, ಅಪ್ಪನ ಮನೆತನ, ಅಮ್ಮನ ಮನೆತನ ಎರಡನ್ನೂ ಸೇರಿಸಿ, ಬಿಡಿಸಿ ಬಿಡಿಸಿ ಹೇಳಿದಳು. "ಲಿಯೊಕಾಡಿಯಾ. ಬರ್ರಾಂತೆಸ್. ಕೊರ್ಚೆರೊ." ಆಮೇಲೆ ಫೋನನ್ನು ಕಿವಿಗೊತ್ತಿಕೊಂಡು, ಅವನು ಬರೆದು ಮುಗಿಸುವವರೆಗೆ ಕಾದಳು.