ಬಿದರಿ ಡಬ್ಬಿಯ ಕಪ್ಪು

ನಮ್ಮ ಮನೆಯ ಷೋಕೇಸಿನಲ್ಲಿ ಒಂಬತ್ತು ಬಿದರಿ ಸಾಮಾನುಗಳಿದ್ದವು. ಒಂಬತ್ತೂ ನನ್ನ ಗಂಡ ಕೊಂಡವು. ಒಂದನ್ನೂ ನನ್ನನ್ನು ಕೇಳಿ ಕೊಂಡಿದ್ದಲ್ಲ.

ಅವರು ವಾಯುಪಡೆಯಲ್ಲಿದ್ದರು. ಮದುವೆಯಾದ ಹೊಸತರಲ್ಲಿ ಬೀದರಿಗೆ ಪೋಸ್ಟಿಂಗ್ ಆಯಿತು. ಭಾನುವಾರ ಬಂತೆಂದರೆ ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಈ ಮಹಾರಾಯರು ಸೈಕಲ್ ಹತ್ತಿ ಹಳೇ ಊರಿನ ಗಲ್ಲಿಯಲ್ಲಿದ್ದ ಒಬ್ಬ ಉಸ್ತಾದರ ಅಂಗಡಿಗೆ ಹೋಗಿ ಕೂರುತ್ತಿದ್ದರು. ಸತುವಿನ ಪಾತ್ರೆಯ ಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಹಳೇ ಕೋಟೆಯ ಮಣ್ಣು ಕಲಸಿದ ಬಿಸಿನೀರಲ್ಲಿ ಅದ್ದುತ್ತಾರೆ. ಸತುವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದನ್ನು ಅವರು ನನಗೆ ನೂರು ಸಲ ಹೇಳಿದ್ದಾರೆ, ನೂರನೇ ಸಲವೂ ಹೊಸದಾಗಿ ಹೇಳುವವರ ಹಾಗೆ ಕಣ್ಣರಳಿಸಿಕೊಂಡು.

ನನಗೋ ಹೊಟ್ಟೆಯೆಲ್ಲ ಉರಿಯುತ್ತಿತ್ತು. ಒಂದು ಜೊತೆ ಬಳೆ ಕೇಳಿದರೆ ಮನೆಗೆ ಹೂಜಿ ಬರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ದಿನಾ ಗೊಣಗುತ್ತಿದ್ದೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳ ಗಂಡ ಬಾಳೆಹಣ್ಣು, ಎಳನೀರು ಹೊತ್ತುಕೊಂಡು ಬಂದ. ಇವರು ಬಂದರು ನೋಡಿ, ಪೇಪರಿನಲ್ಲಿ ಸುತ್ತಿದ ಒಂದು ವೀಳ್ಯದೆಲೆ ಡಬ್ಬಿ ಹಿಡಿದುಕೊಂಡು! ಕರೀ ಡಬ್ಬಿ, ಮುಚ್ಚಳದ ತುಂಬ ಗಸಗಸೆ ಹೂವು. "ಇದೇನು ಮಗೂಗೆ ಹಾಲು ಕೊಡುತ್ತಾ?" ಅಂತ ನಾನು ಕಿರುಚಿದ ರಭಸಕ್ಕೆ ನರ್ಸ್ ಓಡಿಬಂದಳು. ಇವರು ಮಾತ್ರ ಮಗುವನ್ನೊಮ್ಮೆ ಡಬ್ಬಿಯನ್ನೊಮ್ಮೆ ನೋಡುತ್ತಾ ಹಲ್ಲು ಕಿರಿಯುತ್ತ ನಿಂತಿದ್ದರು.

ನಿವೃತ್ತಿಯಾಗಿ ದಿಲ್ಲಿಯ ದ್ವಾರಕಾದಲ್ಲಿ ಫ್ಲ್ಯಾಟ್ ತೆಗೆದುಕೊಂಡಾಗ ಮೊದಲು ಆದದ್ದು ಅಡುಗೆಮನೆಯಲ್ಲ, ಗಾಜಿನ ಷೋಕೇಸು. ಒಳಗೆ ಸಣ್ಣ ಸಣ್ಣ ದೀಪ, ಬಾಗಿಲಿಗೆ ಬೀಗ. ಒದ್ದೆ ಬಟ್ಟೆ ತಾಗಿಸಬಾರದು, ಹುಳಿಯಂತೂ ಹತ್ತಿರವೇ ಸುಳಿಯಬಾರದು. ವರ್ಷಕ್ಕೆರಡು ಸಲ ಬೆರಳ ತುದಿಯಲ್ಲಿ ಒಂದೇ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಹಳೇ ಬನಿಯನ್ನಿನಿಂದ ಒರೆಸಬೇಕು. ಅದನ್ನೂ ಅವರೇ ಮಾಡಬೇಕು. ಒಂದು ದೀಪಾವಳಿಗೆ ಎದುರು ಮನೆಯಾಕೆ ಬಂದವಳು, "ಭಾಭೀಜಿ, ನಿಮ್ಮ ಚಾಂದಿ ಎಲ್ಲಾ ಕಪ್ಪಾಗಿಬಿಟ್ಟಿದೆಯಲ್ಲಾ, ಇಮ್ಲಿ ಹಾಕಿ ತಿಕ್ಕಿಸಿ" ಅಂದಳು. ಹುಣಸೆಹಣ್ಣು ಹಾಕಿ ತಿಕ್ಕುವ ಆ ಮಾತು ಕೇಳಿ ಎರಡು ದಿನ ಇವರು ಊಟ ಸರಿಯಾಗಿ ಮಾಡಲಿಲ್ಲ. "ಸವತಿಯಾಗಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು, ಈ ಕರಿ ಮುಸುಡಿಗಳ ಹತ್ತಿರ ಏನು ಆಡಲಿ?" ಎಂದು ನಾನು ರೇಗಿಸುತ್ತಿದ್ದೆ.

ಮೂರು ವರ್ಷದ ಹಿಂದೆ ಮರೆವು ಶುರುವಾಯಿತು. ಮೊದಲು ಮೆಟ್ರೋ ಸ್ಟೇಷನ್ನಿನಿಂದ ಮನೆ ದಾರಿ ಮರೆತರು. ಆಮೇಲೆ ಮಗಳ ಹೆಸರು. ಹೋದ ವರ್ಷದಿಂದ ಬೆಳಿಗ್ಗೆ ಎದ್ದು ನನ್ನನ್ನೇ "ನೀವು ಯಾರು?" ಅಂತ ಕೇಳತೊಡಗಿದರು, ಅದೂ ಬಹಳ ಮರ್ಯಾದೆಯಿಂದ. ಆ ಮರ್ಯಾದೆಯೇ ನನ್ನನ್ನು ಕೊಲ್ಲುತ್ತಿತ್ತು. ಈ ಜನ್ಮದಲ್ಲಿ ಅವರು ನನ್ನನ್ನು 'ಲೇ' ಬಿಟ್ಟು ಬೇರೆ ಕರೆದವರಲ್ಲ.

ಒಂದು ಉಪಾಯ ಮಾತ್ರ ಉಳಿದಿತ್ತು. ದಿನಾ ನಾಲ್ಕು ಗಂಟೆಗೆ ಟೀ ಆದ ಮೇಲೆ ಆ ವೀಳ್ಯದೆಲೆ ಡಬ್ಬಿಯನ್ನು ಅವರ ಕೈಯಲ್ಲಿಡುತ್ತಿದ್ದೆ. ಹೆಬ್ಬೆರಳು ತಾನಾಗಿಯೇ ಹೂವಿನ ಮೇಲೆ ಓಡಾಡುತ್ತಿತ್ತು. ನಿಧಾನವಾಗಿ ಉಸ್ತಾದರು, ಸೈಕಲ್ಲು, ಆಸ್ಪತ್ರೆ ಒಂದೊಂದೇ ಹೊರಗೆ ಬರುತ್ತಿದ್ದವು. ಕೊನೆಗೆ ತಲೆಯೆತ್ತಿ, "ಅವತ್ತು ಎಷ್ಟು ಬೈದ್ಯಲ್ಲೇ ನನ್ನ!" ಅಂತ ನಗುತ್ತಿದ್ದರು. ಅಷ್ಟೇ. ಆ ಹತ್ತು ನಿಮಿಷ ನಾನು ಅವರ ಹೆಂಡತಿ. ಉಳಿದ ಹೊತ್ತೆಲ್ಲ ಅನ್ನ ಹಾಕುವ ಯಾರೋ ಹೆಂಗಸು. ಆ ಹತ್ತು ನಿಮಿಷಕ್ಕಾಗಿಯೇ ನಾನು ಬೆಳಿಗ್ಗೆ ಏಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮಗಳು ನೋಯ್ಡಾದಲ್ಲಿದ್ದಾಳೆ, ಭಾನುವಾರ ಬಂದು ಹೋಗುತ್ತಾಳೆ. "ಅಮ್ಮಾ, ಪಾಪಾನ ಸುಮ್ನೆ ಕೂರಿಸ್ಬೇಡ, ಬಿಜ಼ೀ ರಖೋ" ಅಂತ ಅವಳ ವರಾತ. ಗಣರಾಜ್ಯೋತ್ಸವಕ್ಕೆ ನಮ್ಮ ಸೊಸೈಟಿಯಲ್ಲಿ ಬಾವುಟ ಹಾರಿಸುವಾಗ ಹಳೇ ಸೈನಿಕರೆಂದು ಇವರನ್ನು ಮುಂದೆ ನಿಲ್ಲಿಸುತ್ತಾರೆ. ಅದಕ್ಕೆ ಹಿಂದಿನ ದಿನ ನಾನೇ, ಈ ಕೈಯಾರೆ, ಅವರ ಹಿತ್ತಾಳೆ ಬಕಲ್ಲು, ಲೋಹ ಉಜ್ಜುವ ಪಾಲಿಶ್ ಡಬ್ಬ, ಫ್ಲಾನೆಲ್ ಬಟ್ಟೆ ಎಲ್ಲ ಮುಂದಿಟ್ಟೆ. ಏನು ಖುಷಿ ಅವರಿಗೆ! ಮೂವತ್ತು ವರ್ಷ ದಿನಾ ಬೆಳಿಗ್ಗೆ ಉಜ್ಜಿದ ಕೈ. ಅಡುಗೆಯವಳಿಗೆ ನೋಡಿಕೋ ಎಂದು ಹೇಳಿ ನಾನು ಅವರ ಔಷಧಿ ತರಲು ಆಸ್ಪತ್ರೆಗೆ ಹೋದೆ. ಕ್ಯೂನಲ್ಲಿ ಮೂರು ಗಂಟೆಯಾಯಿತು. ಷೋಕೇಸಿನ ಬೀಗದ ಕೈ ಬೀಗದಲ್ಲೇ ಇತ್ತು.

ವಾಪಸ್ ಬಂದಾಗ ಒಂಬತ್ತೂ ಊಟದ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಹೂಜಿ, ಹೂದಾನಿ, ಆನೆ, ಡಬ್ಬಿ, ಎಲ್ಲ. ಒಂದರ ಮೇಲೂ ಕಪ್ಪಿರಲಿಲ್ಲ. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ಹೂವು ಎಲ್ಲಿದೆ ಬಳ್ಳಿ ಎಲ್ಲಿದೆ ಎಂದು ಬೆಳಕಿಗೆ ಓರೆಯಾಗಿ ಹಿಡಿದು ಹುಡುಕಬೇಕಿತ್ತು. ಇವರು ಪಕ್ಕದಲ್ಲಿ ಎದೆ ಸೆಟೆಸಿ, ಹಿಮ್ಮಡಿ ಜೋಡಿಸಿ ನಿಂತಿದ್ದರು. ಬೆರಳೆಲ್ಲ ಮಸಿ. "ಸಾಬ್ ಬಹುತ್ ಖುಷ್ ಥೇ ದೀದಿ" ಅಂದಳು ಅಡುಗೆಯವಳು. ಅವಳನ್ನು ಏನಂತ ಬೈಯಲಿ?

ಅವಳನ್ನು ಬೈಯಲಿಲ್ಲ, ಇವರನ್ನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. "ನಿಮ್ಮ ಕೈ ಮುರಿಯಾ" ಅಂತಲೂ ಅಂದುಬಿಟ್ಟೆ. ಅವರು ಹೆದರಿ ಗೋಡೆಗೆ ಒರಗಿದರು. ಆಗಲೂ ಹಿಮ್ಮಡಿ ಜೋಡಿಸಿಯೇ ನಿಂತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ಅವತ್ತು ನಾಲ್ಕು ಗಂಟೆಗೆ ಡಬ್ಬಿ ಕೈಯಲ್ಲಿಟ್ಟೆ. ಹೆಬ್ಬೆರಳು ಆಡಲಿಲ್ಲ. ಮಾರನೆಯ ದಿನವೂ ಇಲ್ಲ. ವಾರವಾಯಿತು, ಇಲ್ಲ. ಮಗಳು, "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲಮ್ಮ, ನೀನೇ ಹೇಳ್ತಿದ್ದೆ ಅಲ್ವಾ" ಅಂದಳು. ಹೇಳುತ್ತಿದ್ದೆ. ಹೇಳುವುದಕ್ಕೇನು, ಬೇರೆಯವರಿಗೆ ಹೇಳುವುದು ಸುಲಭ.

ಹಳೇ ಡೈರಿಯಲ್ಲಿ ಹುಡುಕಿ ಬೀದರಿಗೆ ಫೋನ್ ಮಾಡಿದೆ. ಉಸ್ತಾದರ ಮಗಳು ಎತ್ತಿದಳು. "ನಮ್ಮ ಅಬ್ಬಾ ತೀರಿಕೊಂಡು ನಾಕು ವರ್ಷ ಆತ್ರೀ ಅಮ್ಮಾ. ನೀವು ಚಿಂತಿ ಮಾಡಬ್ಯಾಡ್ರಿ, ಕಳಸ್ರಿ. ಕೋಟಿ ಮಣ್ಣು ಅದ, ಮತ್ತ ಕರೀ ಮಾಡಿ ಕೊಡ್ತೀನಿ" ಅಂದಳು. ಆ ಮಾತಿಗೆ ನಾನು ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ. ಡಬ್ಬಿಯೊಂದನ್ನೇ ಕಳಿಸಿದೆ. ಅದು ಸರಿಹೋದರೆ ಮಿಕ್ಕವನ್ನು ನೋಡೋಣ ಎಂದುಕೊಂಡೆ. ಇಪ್ಪತ್ತು ದಿನ ದಾರಿ ಕಾದೆ.

ಬಂತು. ಹುಡುಗಿಯ ಕೈ ಅಪ್ಪನ ಕೈಯೇ. ಕಾಡಿಗೆಯಷ್ಟು ಕಪ್ಪು, ಹೂವೆಲ್ಲ ಮತ್ತೆ ಎದ್ದು ಕೂತಿದ್ದವು. ಟೀ ಕೊಟ್ಟೆ, ಲೋಟ ತೆಗೆದೆ, ಡಬ್ಬಿಯನ್ನು ಅವರ ಎರಡೂ ಕೈಯಲ್ಲಿಟ್ಟೆ. ಬಹಳ ಹೊತ್ತು ನೋಡಿದರು. ಹೆಬ್ಬೆರಳು ಅಲುಗಿತು. ಹೂವಿನ ಮೇಲೆ ಅಲ್ಲ, ಪಕ್ಕದ ಕಪ್ಪಿನ ಮೇಲೆ, ಉಜ್ಜಿ ನೋಡುವ ಹಾಗೆ.

"ತುಂಬಾ ಕೊಳೆ ಹಿಡಿದಿದೆಯಲ್ಲ ಮೇಡಂ" ಅಂದರು. "ಬಟ್ಟೆ ಇದೆಯಾ?"

ನನಗೆ ಹಟ ಬಂತು. ಅವರ ಕೈ ಬಿಗಿಯಾಗಿ ಹಿಡಿದು ಕಥೆಯನ್ನು ನಾನೇ ಹೇಳಿದೆ. ಉಸ್ತಾದರು, ಸೈಕಲ್ಲು, ಪಕ್ಕದ ಮಂಚದ ಬಾಳೆಹಣ್ಣು, ಓಡಿಬಂದ ನರ್ಸು, ನಾನು ಬೈದ ಬೈಗುಳ, ಒಂದೂ ಬಿಡದ ಹಾಗೆ. ಬೈಗುಳದ ಜಾಗದಲ್ಲಿ ಅವರು ನಕ್ಕರು, ಮೊದಲು ನಗುತ್ತಿದ್ದ ಹಾಗೆಯೇ. ಅಯ್ಯೋ ದೇವರೇ, ಬಂದರಪ್ಪ ಅಂದುಕೊಂಡೆ.

"ಒಳ್ಳೇ ಗಟ್ಟಿಗಿತ್ತಿ" ಅಂದರು ನಗುತ್ತಲೇ. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ ವಿಚಾರಿಸಿದರು. "ಪಾಪ, ಆಮೇಲೆ ಆಕೆ ಏನಾದಳು?"

"ಗೊತ್ತಿಲ್ಲ" ಅಂದೆ. ಎದ್ದು ಹೋಗಿ ಫ್ಲಾನೆಲ್ ಬಟ್ಟೆ ತಂದುಕೊಟ್ಟೆ.