ಶತಾಧಿಪತಿಯ ಶಿರಸ್ತ್ರಾಣ ಮತ್ತು ನಮ್ಮವರ ಕೈಗುಣ

ನಮ್ಮವರು, ಅಂದರೆ ನನ್ನ ಗಂಡ, ಸಭೆಯಲ್ಲಿ ಕೈ ಎತ್ತಿದರು. ಎಲ್ಲ ಶುರುವಾದದ್ದು ಅಲ್ಲಿಂದ.

ದುಬೈಯಲ್ಲಿ ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಒಂದು ಗುಂಪು ಪ್ರತಿ ವರ್ಷ ಶುಭ ಶುಕ್ರವಾರದಂದು ಚರ್ಚಿನ ಆವರಣದೊಳಗೆ ಶಿಲುಬೆಯ ಹಾದಿಯ ನಾಟಕ ಆಡುತ್ತಿತ್ತು. ಹಿಂದಿನ ವರ್ಷ ರೋಮನ್ ಸೈನಿಕರ ಶಿರಸ್ತ್ರಾಣಗಳನ್ನು ರಟ್ಟಿಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಸುತ್ತಿ ಮಾಡಿದ್ದರು. ಬೆವರಿಗೆ ರಟ್ಟು ನೆನೆದು, ಸರಿಯಾಗಿ ಶಿಲುಬೆ ಎತ್ತುವ ಹೊತ್ತಿಗೆ ಸೈನಿಕರ ನಾಯಕನಾದ ಶತಾಧಿಪತಿಯ ಟೋಪಿ ಮೂಗಿನವರೆಗೆ ಇಳಿಯಿತು. ಕಣ್ಣು ಕಾಣದ ಆ ವೀರ ಎದುರು ಅಳುತ್ತ ನಿಂತಿದ್ದ ಜೆರುಸಲೇಮಿನ ಹೆಂಗಸೊಬ್ಬಳ ಭುಜ ಹಿಡಿದುಕೊಂಡು ಬಿಟ್ಟ. ನೋಡುತ್ತಿದ್ದ ಭಕ್ತರೆಲ್ಲ ಕಣ್ಣೊರೆಸಿಕೊಂಡರು. ನಕ್ಕರೂ ಕಣ್ಣೀರು ಬರುತ್ತದಲ್ಲ.

ಈ ಸಲ ಹಾಗಾಗಬಾರದೆಂದು ನಿರ್ದೇಶಕರು ಪಣ ತೊಟ್ಟಿದ್ದರು. ಅವರಿಗೆ ಮಿರ್ದಿಫ್‌ನಲ್ಲಿ ವಿಲ್ಲಾ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಮತ್ತು ಎರಡು ತಿಂಗಳ ಯೂಟ್ಯೂಬ್ ಅಧ್ಯಯನದಿಂದ ಬಂದ ರೋಮನ್ ಸೈನ್ಯದ ಸಮಗ್ರ ಜ್ಞಾನ.

"ಶತಾಧಿಪತಿಯದ್ದಾದ್ರೂ ಒರಿಜಿನಲ್ ಆಗ್ಬೇಕು ಮಾರಾಯ್ರೆ. ಲೋಹದ್ದೇ. ಮಷಿನ್ ಮುಟ್ಲಿಕ್ಕಿಲ್ಲ, ಆಗಿನವರ ಹಾಗೆ ಸುತ್ತಿಗೆಯಲ್ಲಿ ಬಡಿದೇ ಮಾಡ್ಬೇಕು. ಉಪವಾಸದ ಕಾಲ, ಅದೂ ಒಂದು ತಪಸ್ಸು ಅಲ್ವಾ?" ಎಂದರಂತೆ. ತಪಸ್ಸು ಒಳ್ಳೆಯದೇ, ಬೇರೆಯವರು ಮಾಡುವುದಾದರೆ.

ಆಗ ನಮ್ಮವರು ಕೈ ಎತ್ತಿ, "ನನ್ನ ಮಾವ ತಾಮ್ರದ ಕೆಲಸದವರು. ನಾನು ಮಾಡ್ತೇನೆ," ಎಂದರು. ಚಪ್ಪಾಳೆ ಬಿತ್ತು, ಜೊತೆಗೆ ಶತಾಧಿಪತಿಯ ಪಾತ್ರವೂ ಸಿಕ್ಕಿತು. ನಮ್ಮವರು ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವವರು. ಮನೆಯಲ್ಲಿ ಬಲ್ಬು ಹೋದರೆ ವಾಚ್‌ಮನ್‌ಗೆ ಫೋನ್ ಮಾಡುವವರು. ಅವರಿಗೂ ತಾಮ್ರಕ್ಕೂ ಇದ್ದ ಏಕೈಕ ಸಂಬಂಧ ನಾನು.

ಪಪ್ಪಾನಿಗೆ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಅಂಗಡಿ ಇತ್ತು. ಹಂಡೆ, ಕೊಡಪಾನ ಬಡಿಯುತ್ತಿದ್ದರು. ಮದುವೆಗೆ ನುಡಿಸುವ ಬ್ಯಾಂಡಿನವರು ನೆಗ್ಗಿದ ತುತ್ತೂರಿಗಳನ್ನು ತಂದರೆ ಅದನ್ನೂ ಸರಿಮಾಡಿ ಕೊಡುತ್ತಿದ್ದರು. ಅವರು ತಾಮ್ರವನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಏಟಿನ ಶಬ್ದದಲ್ಲೇ ತಗಡು ಎಲ್ಲಿ ತೆಳುವಾಯಿತು, ಎಲ್ಲಿ ಬಿಗಿಯಿತು ಎಂದು ಹೇಳುತ್ತಿದ್ದರು. ಈ ವಿದ್ಯೆಯನ್ನು ನನ್ನ ಇಬ್ಬರು ಅಣ್ಣಂದಿರಿಗೆ ಧಾರೆಯೆರೆಯಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಬ್ಬ ಬಸ್ಸು ಓಡಿಸಲು ಹೋದ, ಇನ್ನೊಬ್ಬ ಬೊಂಬಾಯಿಗೆ ಹೋದ. ಮಧ್ಯಾಹ್ನದ ಬುತ್ತಿ ತರುತ್ತಿದ್ದ ನಾನು ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಪಪ್ಪಾ ಇಲ್ಲದಾಗ ಸುತ್ತಿಗೆ ಎತ್ತಿ ಬಡಿಯುತ್ತಲೂ ಇದ್ದೆ. ಒಮ್ಮೆ ಸಿಕ್ಕಿಬಿದ್ದಾಗ ಅವರು ಬೈಯಲಿಲ್ಲ, ಸುತ್ತಿಗೆಯನ್ನು ಕೈಯಿಂದ ತೆಗೆದುಕೊಂಡು, "ಹೆಣ್ಣುಮಕ್ಕಳ ಕೆಲಸ ಅಲ್ಲ ಇದು," ಎಂದರು. ಕೊನೆಗೆ ಮುಂದುವರಿಸುವವರು ಯಾರೂ ಇಲ್ಲವೆಂದು ಅಂಗಡಿಯನ್ನು ಮೊಬೈಲ್ ಮಾರುವವನಿಗೆ ಕೊಟ್ಟರು. ಯಾರೂ ಇಲ್ಲ ಎಂಬ ಆ ಮಾತನ್ನು ಅವರು ನನ್ನೆದುರೇ ಎಷ್ಟು ಸಲ ಹೇಳಿದ್ದರೋ. ನಾನು ಪ್ರತಿ ಸಲವೂ ಪಕ್ಕದಲ್ಲೇ ಕೂತಿರುತ್ತಿದ್ದೆ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ನಿನ್ನ ಕೈ ಚೆನ್ನಾಗಿದೆ ಎಂದು ಅವರ ಬಾಯಿಂದ ಒಮ್ಮೆ ಕೇಳಬೇಕಿತ್ತು, ಅಷ್ಟೇ.

ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ನಮ್ಮ ಒಂದು ಕೋಣೆಯ ಫ್ಲ್ಯಾಟಿಗೆ ತಾಮ್ರದ ತಗಡು, ಎರಡು ಸುತ್ತಿಗೆ, ತಗಡಿನ ಕತ್ತರಿ ಬಂದವು. ಬಾಲ್ಕನಿಯಲ್ಲಿ ನಮ್ಮವರು ಹೊಡೆದ ಮೊದಲ ಏಟು ಹೆಬ್ಬೆರಳಿಗೆ ಬಿತ್ತು, ಎರಡನೆಯದಕ್ಕೆ ವಾಚ್‌ಮನ್ ಬಂದ. "ಮೇಡಂ, ಆವಾಜ್ ಮಾಫಿ! ಖಲಾಸ್!" ಸದ್ದು ಬೇಡ, ಸಾಕು ಎಂದು ಕೈ ಮುಗಿದ. ರೋಮನ್ ಸಾಮ್ರಾಜ್ಯವನ್ನು ಅಷ್ಟು ಬೇಗ ಓಡಿಸಿದವರು ಚರಿತ್ರೆಯಲ್ಲಿ ಬೇರೆ ಯಾರೂ ಇರಲಾರರು. ನಾವು ಗಂಟುಮೂಟೆ ಕಟ್ಟಿಕೊಂಡು ಕಟ್ಟಡದ ಹಿಂದಿನ ಖಾಲಿ ಮರಳ ಜಾಗಕ್ಕೆ ಇಳಿದೆವು. ಹಳೆಯ ಜೀನ್ಸ್ ಕಾಲನ್ನು ಹೊಲಿದು ಮರಳು ತುಂಬಿ, ಬಡಿಯುವಾಗ ತಗಡಿನ ಅಡಿಗಿಡುವ ಚೀಲ ಮಾಡಿದೆ.

ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡ ನಮ್ಮವರು ಊರಿಗೆ ಫೋನ್ ಮಾಡಿದರು. ಆಗ ದುಬೈಯಿಂದ ಮುಖ ನೋಡಿ ಮಾತಾಡುವ ಕರೆಗಳು ನೆಟ್ಟಗೆ ಸಿಗುತ್ತಿರಲಿಲ್ಲ, ಸಾದಾ ಫೋನೇ ಗತಿ.

"ನೀವು ಹೊಡೀರಿ, ನಾನು ಕೇಳ್ತೇನೆ," ಎಂದರು ಪಪ್ಪಾ.

ನಮ್ಮವರು ನನ್ನ ಮುಖ ನೋಡಿದರು. ನಾನು ಸುತ್ತಿಗೆ ತೆಗೆದುಕೊಂಡು ಹತ್ತು ಏಟು ಹಾಕಿದೆ.

"ಅರೇ! ಅಳಿಯಂದ್ರೇ, ನಿಮ್ಮ ಕೈ ಭಾರೀ ಒಳ್ಳೆದುಂಟು!"

"ಏನೋ, ನಿಮ್ಮ ಆಶೀರ್ವಾದ ಪಪ್ಪಾ," ಎಂದರು ನಮ್ಮವರು, ಒಂದಿಷ್ಟೂ ನಾಚಿಕೆಯಿಲ್ಲದೆ.

ನಾನೇ ಬಾಯಿ ಬಿಡಬಹುದಿತ್ತು. ಬಿಟ್ಟರೆ ಪಪ್ಪಾ ಫೋನ್ ಇಟ್ಟುಬಿಟ್ಟಾರು ಎಂಬ ಹೆದರಿಕೆ. ಕಳ್ಳತನದಿಂದಾದರೂ ಕಲಿಯೋಣ ಎಂದುಕೊಂಡೆ. ಹೀಗೆ ಪ್ರತಿ ಶುಕ್ರವಾರ ಮಧ್ಯಾಹ್ನ, ಊಟವಾದ ಮೇಲೆ, ಮರಳಿನ ಮೇಲೆ ನಮ್ಮ ಶಾಲೆ. ನಮ್ಮವರು ಫೋನ್ ಹಿಡಿಯುವರು, ನಾನು ಬಡಿಯುವೆನು.

"ಟಣ್ ಅಂತ ಬಂತು. ಬಿಗಿದಿದೆ. ಸಾಕು, ಕಾಯಿಸಿ," ಎನ್ನುವರು ಪಪ್ಪಾ. ನಾನು ಮೆಟ್ಟಿಲು ಹತ್ತಿ ಹೋಗಿ ಗ್ಯಾಸ್ ಒಲೆಯಲ್ಲಿ ತಾಮ್ರವನ್ನು ಕೆಂಪಾಗುವಂತೆ ಕಾಯಿಸಿ ನೀರಿಗೆ ಅದ್ದಿ ತರುವೆನು. ತಾಮ್ರ ಮತ್ತೆ ಮೆದುವಾಗುತ್ತದೆ. "ಇದು ಪೊಳ್ಳು ಏಟು, ಅಡಿಗೆ ತಾಗ್ತಾ ಇಲ್ಲ. ತಿರುಗಿಸಿ." ತಿರುಗಿಸುವೆನು. ನಾಲ್ಕನೇ ವಾರಕ್ಕೆ ಚಪ್ಪಟೆ ತಗಡು ತಲೆಯ ಆಕಾರಕ್ಕೆ ಬಂತು. ಎದೆಯ ಕವಚಕ್ಕೆ ಉದ್ದನೆಯ ಪಟ್ಟಿಗಳನ್ನು ಕತ್ತರಿಸಿದೆ. ನಮ್ಮವರು ಅವನ್ನು ತಮ್ಮ ಬುದ್ಧಿಯಿಂದ ಜೋಡಿಸಿಟ್ಟರು, ಕೆಳಗಿನದು ಮೇಲಿನದರ ಮೇಲೆ ಬರುವಂತೆ. ಹೆಂಚು ಹಾಗೆ ಹೊದೆಸಿದರೆ ನೀರೆಲ್ಲ ಮನೆಯೊಳಗೇ ಬೀಳುತ್ತದೆ ಎಂದೆ. "ದುಬೈಯಲ್ಲಿ ಎಲ್ಲಿ ಮಾರಾಯ್ತಿ ಮಳೆ?" ಎಂದರು. ಕತ್ತಿಯ ತುದಿಯೂ ಹಾಗೇ ಒಳಗೆ ಹೋಗುತ್ತದೆ ಎಂದು ವಿವರಿಸಿದ ಮೇಲೆ ಗಂಭೀರವಾಗಿ ತಲೆದೂಗಿ, ಮರುದಿನ ಅದನ್ನೇ ನಿರ್ದೇಶಕರಿಗೆ ತಮ್ಮ ಸಂಶೋಧನೆಯೆಂದು ಒಪ್ಪಿಸಿದರು.

ಅಷ್ಟರಲ್ಲಿ ಅಳಿಯನ ಕೈಗುಣ ಸಮುದ್ರ ದಾಟಿ ತಿರುಗಿ ಬಂದಿತ್ತು. ಪಪ್ಪಾ ಊರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಅಬುಧಾಬಿಯ ಹಮ್ದಾನ್ ಸ್ಟ್ರೀಟ್‌ನಲ್ಲಿದ್ದ ಚಿಕ್ಕಮ್ಮ ಫೋನ್ ಮಾಡಿ, "ನಿನ್ನ ಗಂಡ ಎಂಥಾ ಕೆಲಸಗಾರ! ಗಂಡುಮಕ್ಕಳಿಗೆ ಬಾರದ್ದು ಅಳಿಯನಿಗೆ ಬಂತಂತಲ್ಲ. ನೀನು ಪುಣ್ಯವಂತೆ," ಎಂದರು. ಪುಣ್ಯವಂತೆಯ ಅಂಗೈಯಲ್ಲಿ ಆಗ ಮೂರು ಬೊಬ್ಬೆಗಳಿದ್ದವು. ಫೋನಿಟ್ಟು ಸಿಂಕಿನ ಮುಂದೆ ನಿಂತು ಅತ್ತೆ. ಒಬ್ಬ ಮನುಷ್ಯ ಫೋನ್ ಹಿಡಿದದ್ದಕ್ಕೆ ಇಷ್ಟು ಹೆಸರು ಗಳಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾಟಕಕ್ಕೆ ಒಂದು ವಾರ ಇರುವಾಗ ಮಿರ್ದಿಫ್‌ನ ವಿಲ್ಲಾದ ಅಂಗಳದಲ್ಲಿ ಕೊನೆಯ ರಿಹರ್ಸಲ್. ಶಿರಸ್ತ್ರಾಣಕ್ಕೆ ಕೆನ್ನೆಯ ಕಡೆಯ ತಗಡುಗಳನ್ನು ಕೂಡಿಸುವ ರಿವೆಟ್ ಮೊಳೆಗಳು ಮಾತ್ರ ಬಾಕಿ. ನೆತ್ತಿಯ ಮೇಲಿನ ಕೆಂಪು ಜುಟ್ಟು ನೆಲ ಉಜ್ಜುವ ಬ್ರಷ್ಷಿನದು ಎಂಬುದನ್ನು ಬಿಟ್ಟರೆ ಎಲ್ಲವೂ ನಿರ್ದೇಶಕರು ಬಯಸಿದಂತೆ ಒರಿಜಿನಲ್. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನೀವು ಹೊಡೆಯುವುದನ್ನು ಒಮ್ಮೆ ನೋಡ್ಬೇಕಿತ್ತು," ಎಂದರು.

ಇಷ್ಟು ವಾರ ಹೊಗಳಿಸಿಕೊಂಡು ನಮ್ಮವರು ತಾವೇ ಬಡಿದದ್ದು ಎಂದು ನಂಬಿಬಿಟ್ಟಿದ್ದರೆಂದು ಕಾಣುತ್ತದೆ. "ಮಾವನಿಗೂ ಕೇಳಿಸುವಾ," ಎಂದು ಊರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಸುತ್ತಿಗೆ ಎತ್ತಿ ಕೆನ್ನೆಯ ತಗಡೊಂದಕ್ಕೆ ಮೂರು ಏಟು ಹಾಕಿದರು.

ಪಪ್ಪಾನ ಸ್ವರ ಅಂಗಳಕ್ಕೆಲ್ಲ ಕೇಳಿಸಿತು.

"ಯಾರದು ಹೊಡೆದದ್ದು?"

"ನಾನೇ ಪಪ್ಪಾ."

"ನೀವು ಬೇಡ ಅಳಿಯಂದ್ರೇ, ತಾಮ್ರ ಹಾಳಾಗ್ತದೆ. ಇಷ್ಟು ದಿನ ಹೊಡೀತಿದ್ದವಳು ಎಲ್ಲಿ? ಅವಳ ಕೈಗೆ ಕೊಡಿ."

ನಿರ್ದೇಶಕರು ಶಿರಸ್ತ್ರಾಣದೊಳಗೆ ಏನನ್ನೋ ಹುಡುಕತೊಡಗಿದರು. ನಾನು ಫೋನನ್ನು ಎತ್ತಿಕೊಂಡು, ಸ್ಪೀಕರ್ ಆರಿಸಿ, ಗೇಟಿನ ಹತ್ತಿರ ಹೋದೆ.

"ನಿಮಗೆ ಗೊತ್ತಿತ್ತಾ?"

"ಮೊದಲನೇ ದಿನವೇ. ನೀನು ಏಟು ಹಾಕುವ ಮುಂಚೆ ಸುತ್ತಿಗೆಯನ್ನು ಒಮ್ಮೆ ಮೆಲ್ಲ ತಾಗಿಸ್ತಿ. ನನ್ನದೇ ಅಭ್ಯಾಸ ಅದು."

"ಮತ್ತೆ ಊರಿಡೀ ಅವರ ಹೆಸರು ಯಾಕೆ ಹೇಳಿದ್ರಿ?"

"ನಿನ್ನ ಹೆಸರು ಹೇಳಿದ್ರೆ, ಹಾಗಾದ್ರೆ ಅಂಗಡಿಯಲ್ಲಿ ಅವಳನ್ನು ಯಾಕೆ ಕೂರಿಸ್ಲಿಲ್ಲ ಅಂತ ಕೇಳ್ತಾರೆ. ನಾನು ಎಂತ ಹೇಳ್ಲಿ?"

ಯಾವಾಗಲೂ ನಾಲಿಗೆಯ ತುದಿಯಲ್ಲೇ ಇರುವ ನನ್ನ ಕುಹಕ ಆಗ ಬರಲಿಲ್ಲ. "ಈಗಲಾದ್ರೂ ಹೇಳಿ ಪಪ್ಪಾ," ಎಂದೆ. "ಕೇಳಿದ್ರೆ ಕೇಳ್ಲಿ."

"ನಿನ್ನ ಕೈ ನನ್ನದಕ್ಕಿಂತ ಒಳ್ಳೆದು. ಹೇಳ್ತೇನೆ, ಎಲ್ಲರಿಗೂ ಹೇಳ್ತೇನೆ," ಎಂದರು. ಆಮೇಲೆ ಅವರ ಸ್ವರ ಸಣ್ಣದಾಯಿತು, ಚಿಕ್ಕಂದಿನಲ್ಲಿ ಮಗಳೇ ಎಂದು ಕರೆಯುತ್ತಿದ್ದ ಹಾಗೆ. "ಆದ್ರೆ ಅಂಗಡಿ ಕೊಟ್ಟಾಯ್ತಲ್ಲ, ಬಾಯೆ."

ನಾನು ಅಂಗಳಕ್ಕೆ ಹಿಂತಿರುಗಿ ಫೋನನ್ನು ತಗಡು ಇಟ್ಟು ಬಡಿಯುವ ಕಲ್ಲಿನ ಪಕ್ಕದಲ್ಲಿಟ್ಟೆ. ರಿವೆಟ್ ಬಡಿದು ಮುಗಿಸುವವರೆಗೂ ಪಪ್ಪಾ ಆ ಕಡೆ ಫೋನ್ ಇಡಲಿಲ್ಲ, ಒಂದು ಏಟನ್ನೂ ತಿದ್ದಲಿಲ್ಲ.